ಉಂಗುರ ಬೇಡ, ಕುಂಬಳಕಾಯಿ ಕೊಡಿ

ಈ ಒಂದು ರೂಪಾಯಿ ನಾಣ್ಯ ನೋಡಿ. ಬಲಗೈಯಲ್ಲಿದೆ. ಎಡಗೈಗೆ ಹಾಕಿಕೊಂಡೆ, ಮುಷ್ಟಿ ಹಿಡಿದೆ, ಒಂದು ಸಲ ಊದಿದೆ. ಬಿಚ್ಚಿದರೆ ಇಲ್ಲ. ಈಗ ನಿಮ್ಮಲ್ಲಿ ಸುಮಾರು ಜನ ನನ್ನ ಬಲಗೈ ನೋಡುತ್ತಿದ್ದೀರಿ. ಸರಿಯಾದ ಜಾಗವನ್ನೇ ನೋಡುತ್ತಿದ್ದೀರಿ, ನಾಣ್ಯ ಇಲ್ಲೇ ಬೆರಳ ಬುಡದಲ್ಲಿ ಕೂತಿದೆ. ಆದರೆ ಸ್ವಲ್ಪ ತಡವಾಯಿತು.

ಕೈ ಕಣ್ಣಿಗಿಂತ ವೇಗ ಅಂತ ಜನ ಹೇಳುತ್ತಾರೆ. ಹಾಗೇನೂ ಇಲ್ಲ. ನನ್ನ ಕೈ ನಿಧಾನವಾಗಿಯೇ ಹೋಯಿತು, ಅವಸರ ಮಾಡಿದರೆ ಸಿಕ್ಕಿಬೀಳುತ್ತೇನೆ. ನಾಣ್ಯ ಎಡಗೈಗೆ ಹೋಯಿತು ಅಂತ ನಾನೇ ನಂಬಿದವನ ಹಾಗೆ ಎಡಗೈ ನೋಡಿದೆ, ಅಷ್ಟೇ. ಎದುರಿಗಿರುವವರ ಕಣ್ಣು ಎಲ್ಲಿ ಹೋಗುತ್ತೋ ನಮ್ಮ ಕಣ್ಣೂ ಅಲ್ಲಿಗೆ ಹೋಗುತ್ತದೆ. ನಾಲ್ಕೈದು ವರ್ಷದ ಮಕ್ಕಳ ಮುಂದೆ ಈ ಆಟ ಕಷ್ಟ. ಅವರು ನಾನು ನೋಡಿದ ಕಡೆ ನೋಡೋದಿಲ್ಲ, ನನ್ನ ಶೂ ನೋಡುತ್ತಿರುತ್ತಾರೆ, ಇಲ್ಲಾಂದ್ರೆ ಸೀದಾ ವೇದಿಕೆ ಹತ್ತಿ ಬಲಗೈ ಹಿಡಿದು ಎಳೆಯುತ್ತಾರೆ. ಕಾಲೇಜು ಮೇಷ್ಟ್ರುಗಳ ಮುಂದೆ ಸುಲಭ. ಅವರು ಗಮನ ಕೊಟ್ಟು ಕೇಳುವುದನ್ನು ಅಭ್ಯಾಸ ಮಾಡಿಕೊಂಡವರು, ಗಮನ ಕೊಡುವವರನ್ನು ಕೈಹಿಡಿದು ಬೇರೆ ಕಡೆ ಕರೆದುಕೊಂಡು ಹೋಗಬಹುದು. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಮೋಸಹೋದವರನ್ನು ದಡ್ಡರು ಅಂತ ಕರೆಯುವ ಮಾತು ನನಗೆ ಒಂದಿಷ್ಟೂ ಇಷ್ಟವಿಲ್ಲ. ಮೋಸ ಮಾಡುವುದೇ ನನ್ನ ಕಸುಬು. ಯಾರು ಮೋಸಹೋಗುತ್ತಾರೆ ಅಂತ ದಿನಾ ನೋಡುತ್ತೇನೆ. ಎಲ್ಲರೂ ಹೋಗುತ್ತಾರೆ.

ನಮ್ಮ ಕಸುಬಿಗೆ ಕನ್ನಡದಲ್ಲಿ ಎಷ್ಟು ಹೆಸರಿದೆ ನೋಡಿ. ಜಾದೂ, ಇಂದ್ರಜಾಲ, ಗಾರುಡಿ, ಮೋಡಿ, ಯಕ್ಷಿಣಿ, ಕೈಚಳಕ, ಕಣ್ಕಟ್ಟು. ಇದರಲ್ಲಿ ಯಕ್ಷಿಣಿ ಅನ್ನುವ ಮಾತು ಯಾವುದೋ ಶಕ್ತಿಯನ್ನು ಒಳಗೆ ಕರೆಯುತ್ತದೆ. ಕಣ್ಕಟ್ಟು ಅನ್ನುವ ಮಾತು ಮಾತ್ರ ಏನನ್ನೂ ಮುಚ್ಚಿಡೋದಿಲ್ಲ. ಇಲ್ಲಿ ನಡೆಯುತ್ತಿರುವುದು ಕಣ್ಣು ಕಟ್ಟುವ ಕೆಲಸ ಅಂತ ಆ ಪದವೇ ಹೇಳಿಬಿಡುತ್ತದೆ. ನನಗೆ ತುಂಬಾ ಪ್ರೀತಿಯ ಪದ ಅದು.

ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯದಲ್ಲಿ ಒಬ್ಬ ಜಾದೂಗಾರ ಬರುತ್ತಾನೆ, ನಿಮಗೆ ಗೊತ್ತಾ? ಕತ್ತಿ ಗುರಾಣಿ ಹಿಡಿದು ದಾರದ ಮೇಲೆ ಆಕಾಶಕ್ಕೆ ಹತ್ತುವ ಮಾಯಾವಿ. ಅವರು ಹೇಳುವುದು, ಹತ್ತುತ್ತಿರುವವನು ಬೇರೆ, ನಿಜವಾದ ಮಾಯಾವಿ ನೆಲದ ಮೇಲೇ ನಿಂತಿದ್ದಾನೆ ಅಂತ. ವೇದಾಂತ ವಿವರಿಸಲು ಅವರು ಇದನ್ನು ಉದಾಹರಣೆ ಮಾಡಿಕೊಂಡರು. ಅಂದರೆ ಸಾವಿರ ವರ್ಷಕ್ಕೂ ಹಿಂದೆಯೇ ಓದುಗರಿಗೆ ಈ ಆಟದ ಮಾತು ಗೊತ್ತಿತ್ತು, ಇದು ಆಟ ಅನ್ನುವುದೂ ಗೊತ್ತಿತ್ತು. ಇಲ್ಲದಿದ್ದರೆ ಉದಾಹರಣೆ ಕೆಲಸಕ್ಕೇ ಬರುತ್ತಿರಲಿಲ್ಲ, ಅಲ್ವಾ?

ಈಗ 1890ಕ್ಕೆ ಬನ್ನಿ. ಶಿಕಾಗೋದ ಒಂದು ದೊಡ್ಡ ಪತ್ರಿಕೆಯಲ್ಲಿ ಒಂದು ವರದಿ ಬಂತು. ಇಬ್ಬರು ಅಮೆರಿಕನ್ನರು ಭಾರತದಲ್ಲಿ ಫಕೀರನೊಬ್ಬನ ಹಗ್ಗದ ಆಟ, ಅಂದರೆ ಗಾಳಿಯಲ್ಲಿ ನೆಟ್ಟಗೆ ನಿಂತ ಹಗ್ಗವನ್ನು ಹುಡುಗನೊಬ್ಬ ಹತ್ತುವ ಆಟ ನೋಡಿದರು, ಒಬ್ಬ ಚಿತ್ರ ಬರೆದ, ಇನ್ನೊಬ್ಬ ಫೋಟೋ ತೆಗೆದ. ಚಿತ್ರದಲ್ಲಿ ಹಗ್ಗ ಹತ್ತುವ ಹುಡುಗ ಇದ್ದಾನೆ, ಫೋಟೋದಲ್ಲಿ ನೆಲದ ಮೇಲೆ ಕೂತ ಫಕೀರ ಮಾತ್ರ ಇದ್ದಾನೆ. ಆದ್ದರಿಂದ ಇದು ಸಮೂಹ ಸಮ್ಮೋಹನ ಅಂತ ತೀರ್ಮಾನ. ಸುದ್ದಿ ಯುರೋಪಿಗೂ ಹಬ್ಬಿತು. ಕೆಲವು ತಿಂಗಳಾದ ಮೇಲೆ ಪತ್ರಿಕೆಯೇ ಒಪ್ಪಿಕೊಂಡಿತು, ಇಡೀ ವರದಿ ಕಟ್ಟುಕತೆ ಅಂತ. ಆದರೆ ಒಪ್ಪಿಕೊಂಡ ಸುದ್ದಿಯನ್ನು ಯಾರು ಓದುತ್ತಾರೆ? ಹಗ್ಗದ ಆಟವನ್ನು ಕಣ್ಣಾರೆ ಕಂಡೆವು ಅಂತ ಹೇಳುವವರು ಆಮೇಲೆ ಹೆಚ್ಚುತ್ತಲೇ ಹೋದರು. 1934ರಲ್ಲಿ ಲಂಡನ್ನಿನ ಜಾದೂಗಾರರ ಸಂಘ ಮ್ಯಾಜಿಕ್ ಸರ್ಕಲ್, ಬಯಲಿನಲ್ಲಿ ಮಾಡಿ ತೋರಿಸಿದವರಿಗೆ 500 ಗಿನಿ ಬಹುಮಾನ ಇಟ್ಟಿತು. ಯಾರೂ ಗೆಲ್ಲಲಿಲ್ಲ. ನಮ್ಮ ದೇಶದ ಜಾದೂ ಅಂದರೆ ಇವತ್ತಿಗೂ ಹೊರಗಿನವರು ಕೇಳುವ ಮೊದಲ ಪ್ರಶ್ನೆ ಅದೇ ಹಗ್ಗ. ಬೀದಿಯಲ್ಲಿ ಮೂರು ಬಟ್ಟಲು, ನಾಲ್ಕು ಬಟ್ಟೆ ಉಂಡೆ ಇಟ್ಟುಕೊಂಡು ಸುತ್ತಲೂ ಕೂತ ಜನರ ಮಧ್ಯೆ, ಬೆನ್ನ ಹಿಂದೆಯೂ ಕಣ್ಣುಗಳಿರುವಾಗ ಆಟ ಆಡುವ ನಮ್ಮ ಗಾರುಡಿಗರ ಬಗ್ಗೆ ಯಾರೂ ಕೇಳುವುದಿಲ್ಲ. ವೇದಿಕೆ, ಪರದೆ, ಲೈಟು ಎಲ್ಲ ಇರುವ ನನಗಿಂತ ಅವರದ್ದು ದೊಡ್ಡ ವಿದ್ಯೆ. ಇದು ಸ್ವಲ್ಪ ದಾರಿ ಬಿಟ್ಟ ಮಾತು, ಆದರೂ ಹೇಳಬೇಕು ಅನ್ನಿಸಿತು.

ನಾನು ಈ ವಿಷಯಗಳನ್ನೆಲ್ಲ ಯೋಚಿಸಲು ಶುರು ಮಾಡಿದ್ದು ಒಂದು ಜಾತ್ರೆಯಿಂದ. ಸುಮಾರು ವರ್ಷಗಳ ಹಿಂದಿನ ಮಾತು, ಹಿರಿಯೂರಿನ ಕಡೆಯ ಒಂದು ಹಳ್ಳಿ. ಆಗ ನನ್ನ ಶೋನಲ್ಲಿ ವಿಭೂತಿಯ ಐಟಂ ಇತ್ತು. ಬರಿಗೈ ತೋರಿಸಿ ಗಾಳಿಯಲ್ಲಿ ಸುತ್ತಿಸಿ ವಿಭೂತಿ ಉದುರಿಸುವುದು. ಜನ ಚಪ್ಪಾಳೆ ಹೊಡೆದರು. ಶೋ ಮುಗಿದು ಸಾಮಾನು ಕಟ್ಟುತ್ತಿದ್ದಾಗ ಒಬ್ಬ ತಾಯಿ ಬಂದಳು. ಕಂಕುಳಲ್ಲಿ ಆರೇಳು ವರ್ಷದ ಹುಡುಗ. ಪಿಟ್ಸ್ ಬರುತ್ತಂತೆ. "ಸಾಮಿ, ನಮ್ ಮಗೀಗೂ ಒಂದ್ ಚಿಟಿಕೆ ಕೊಡಿ" ಅಂತ ಸೆರಗು ಒಡ್ಡಿದಳು. ನಾನು ಹೇಳಿದೆ, ಅಮ್ಮಾ ಇದು ಕೈಚಳಕ, ನಮ್ಮ ಮನೆಯಲ್ಲೇ ಮಾಡಿದ ಬೂದಿ. ಅವಳು ಕೇಳಲಿಲ್ಲ. "ದೊಡ್ಡೋರು ಹಂಗೇ ಅನ್ನಾದು" ಅಂದಳು. ಉಳಿದಿದ್ದ ಉಂಡೆಯೊಂದನ್ನು ಅವಳ ಎದುರಿಗೇ ಪುಡಿ ಮಾಡಿ ತೋರಿಸಿದೆ. ಅದನ್ನೇ ಬಾಚಿ ಮಗುವಿನ ಹಣೆಗೆ ಹಚ್ಚಿದಳು. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇದಕ್ಕೆ ಮಾತ್ರೆ ಇದೆ, ತಪ್ಪಿಸದೆ ಕೊಡಬೇಕು ಅಂತ ಎಷ್ಟು ಸಲ ಹೇಳಿದೆನೋ. ತಲೆ ಆಡಿಸಿದಳು. ಹೋದಳೋ ಇಲ್ಲವೋ ನನಗೆ ಗೊತ್ತಾಗಲೇ ಇಲ್ಲ.

ಅವತ್ತಿನಿಂದ ವಿಭೂತಿಯನ್ನು ಆಟವಾಗಿ ತೋರಿಸುವುದು ಬಿಟ್ಟೆ. ಗುಟ್ಟು ಬಿಚ್ಚಿಯೇ ತೋರಿಸುತ್ತೇನೆ. ಇಲ್ಲೂ ತೋರಿಸುತ್ತೇನೆ, ಹತ್ತಿರ ಬನ್ನಿ. ಬೂದಿಯನ್ನು ಅನ್ನದ ಗಂಜಿಯಲ್ಲಿ ಕಲಸಿ, ಕಡಲೆಕಾಳಿಗಿಂತ ತುಸು ದೊಡ್ಡ ಉಂಡೆ ಮಾಡಿ, ಒಣಗಿಸಿಟ್ಟುಕೊಳ್ಳಬೇಕು. ಹೆಬ್ಬೆರಳಿನ ಬುಡಕ್ಕೂ ತೋರುಬೆರಳಿಗೂ ನಡುವೆ ಒಂದು ಸಂದಿ ಇದೆಯಲ್ಲ, ಅಲ್ಲಿ ಕೂರಿಸಿದರೆ ಉಳಿದ ಬೆರಳುಗಳನ್ನು ಅಗಲವಾಗಿ ಬಿಚ್ಚಬಹುದು, ಅಂಗೈ ಖಾಲಿ ಕಾಣುತ್ತದೆ. ಈಗ ಅಂಗೈ ಕೆಳಗೆ ಮಾಡಿ ಕೈಯನ್ನು ಹೀಗೆ ಗುಂಡಗೆ ಸುತ್ತಿಸುತ್ತೇನೆ. ಯಾಕೆ ಸುತ್ತಿಸಬೇಕು? ದೊಡ್ಡ ಅಲುಗಾಟ ಸಣ್ಣ ಅಲುಗಾಟವನ್ನು ಮುಚ್ಚುತ್ತದೆ. ಉಂಡೆ ಸಂದಿಯಿಂದ ಬೆರಳ ತುದಿಗೆ ಜಾರುವುದು ಆ ಸುತ್ತಿನಲ್ಲಿ. ಬೆರಳಲ್ಲಿ ಒತ್ತಿ ಹೊಸಕಿದರೆ ಪುಡಿ. ಒಂದು ಉಂಡೆಯಿಂದ ಎಷ್ಟು ಬೂದಿ ಬರುತ್ತದೆ ನೋಡಿ, ಮುಂದಿನ ಸಾಲಿನವರ ಕೈಗೆಲ್ಲ ಸಾಕು. ವಿಚಾರವಾದಿ ಬಿ. ಪ್ರೇಮಾನಂದ್ ಊರೂರು ಅಲೆದು ಜೀವಮಾನವಿಡೀ ಇಂಥದ್ದನ್ನೇ ಬಿಡಿಸಿ ತೋರಿಸಿದರು.

ಗುಟ್ಟು ಹೇಳಬಾರದು ಅನ್ನುವುದು ನಮ್ಮ ಕಸುಬಿನ ಕಟ್ಟಳೆ. ನಾನೂ ಅದನ್ನು ಪಾಲಿಸುತ್ತೇನೆ. ಇನ್ನೊಬ್ಬ ಕಲಾವಿದ ವರ್ಷಗಟ್ಟಲೆ ಕಷ್ಟಪಟ್ಟು ಕಟ್ಟಿದ ಐಟಮ್ಮಿನ ಗುಟ್ಟನ್ನು ನೀವು ಎಷ್ಟು ಕೇಳಿದರೂ ಹೇಳೋದಿಲ್ಲ. ಆದರೆ ಕಾಯಿಲೆ ವಾಸಿ ಮಾಡುತ್ತೇನೆ, ಮಾಟ ತೆಗೆಯುತ್ತೇನೆ ಅಂತ ದುಡ್ಡು ಕೀಳಲು ಬಳಸುವ ವಿದ್ಯೆಗೆ ಆ ಕಟ್ಟಳೆ ಅನ್ವಯಿಸುವುದಿಲ್ಲ ಅಂತ ನನ್ನ ನಂಬಿಕೆ. ಅಂಥ ಗುಟ್ಟುಗಳು ಎಷ್ಟು ಸರಳ ಅಂದರೆ, ಎಷ್ಟೋ ಸಲ ನಮ್ಮ ಅಡುಗೆಮನೆಯಲ್ಲೇ ಇರುತ್ತವೆ. ಮದುವಣಗಿತ್ತಿಯನ್ನು ಮನೆ ತುಂಬಿಸಿಕೊಳ್ಳುವಾಗ ಕೆಂಪು ನೀರಿನ ಆರತಿ ಎತ್ತುತ್ತೀರಲ್ಲ, ಆ ಓಕುಳಿ ಹೇಗೆ ಮಾಡುತ್ತೀರಿ? ಅರಿಶಿನಕ್ಕೆ ಒಂದು ಚೂರು ಸುಣ್ಣ. ನಿಮ್ಮ ಅಜ್ಜಿಗೂ ಗೊತ್ತಿತ್ತು. ಈಗ ಅದೇ ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆಯನ್ನು ಒಬ್ಬ ಮಂತ್ರವಾದಿ ನಿಮ್ಮ ಮನೆ ನಡುಮನೆಯಲ್ಲಿ ಹಾಸುತ್ತಾನೆ, ತಂಬಿಗೆಯಿಂದ ನೀರು ಚಿಮುಕಿಸುತ್ತಾನೆ, ಬಟ್ಟೆಯ ಮೇಲೆ ರಕ್ತದ ಹನಿ ಮೂಡುತ್ತವೆ. ತಂಬಿಗೆಯಲ್ಲಿದ್ದದ್ದು ಸುಣ್ಣದ ತಿಳಿ. ನಿನ್ನೆ ನೀವೇ ಮಾಡಿದ್ದ ಓಕುಳಿ ಅದು. ಇವತ್ತು ಗುರುತು ಸಿಗಲಿಲ್ಲ, ಯಾಕೆಂದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ನೀವು ಹೆದರಿದ್ದೀರಿ, ಬಟ್ಟೆ ಅವನದು, ತಂಬಿಗೆ ಅವನದು, ಯಾವಾಗ ಚಿಮುಕಿಸಬೇಕು ಅನ್ನುವುದೂ ಅವನಿಗೇ ಬಿಟ್ಟದ್ದು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕೊಂಡ ಹಾಯುವವರನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಕೆಂಡಕ್ಕೆ ಶಾಖ ದಾಟಿಸುವ ಶಕ್ತಿ ಕಡಿಮೆ, ಮೇಲೆ ಬೂದಿಯ ಪದರ ಇರುತ್ತದೆ, ಕಾಲು ತಾಗುವುದು ಕ್ಷಣ ಮಾತ್ರ, ಹಾಗಾಗಿ ಬೇಗ ನಡೆದವರಿಗೆ ಸಾಮಾನ್ಯವಾಗಿ ಸುಡುವುದಿಲ್ಲ. ಎಡವಿದರೆ, ನಿಂತರೆ ಸುಡುತ್ತದೆ. ಆದರೆ ಅವರು ಯಾರಿಗೂ ಮೋಸ ಮಾಡುತ್ತಿಲ್ಲ, ತಮ್ಮ ಹರಕೆ ತೀರಿಸುತ್ತಿದ್ದಾರೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಡಾ. ಎಚ್. ನರಸಿಂಹಯ್ಯನವರ ಹೆಸರು ನಿಮಗೆಲ್ಲ ಗೊತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು, ಭೌತಶಾಸ್ತ್ರದ ಮೇಷ್ಟ್ರು, ಗಾಂಧಿವಾದಿ, ನ್ಯಾಷನಲ್ ಕಾಲೇಜಿನ ಎಚ್ಚೆನ್. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಅಂತ ಸಂವಿಧಾನಕ್ಕೆ ಸೇರಿಸಿದ 42ನೇ ತಿದ್ದುಪಡಿಯೂ ಅದೇ ವರ್ಷದ್ದು. ಸಮಿತಿಯವರು ಪಾಂಡವಪುರಕ್ಕೆ ಹೋಗಿ, ವಿಭೂತಿ ಸೃಷ್ಟಿಸುತ್ತಾನೆ ಅಂತ ಹೆಸರಾಗಿದ್ದ ಒಬ್ಬ ಪುಟ್ಟ ಹುಡುಗನನ್ನು ನೋಡಿದರು, ವಿಭೂತಿ ಅವನ ಬಟ್ಟೆಯೊಳಗೇ ಇತ್ತು. ಬರಿಗೈಯಿಂದ ವಿಭೂತಿ, ಉಂಗುರ ಸೃಷ್ಟಿಸುತ್ತಾರೆ ಅಂತ ಹೆಸರಾಗಿದ್ದ ಸತ್ಯಸಾಯಿ ಬಾಬಾ ಅವರಿಗೂ ಎಚ್ಚೆನ್ ಪತ್ರಗಳನ್ನು ಬರೆದು ಪರೀಕ್ಷೆಗೆ ಕರೆದರು. ಬಾಬಾ ಒಪ್ಪಲಿಲ್ಲ. ವಿಜ್ಞಾನದ ವಿಚಾರಣೆ ಇಂದ್ರಿಯಗಳಿಗೆ ಸಿಗುವ ಸಂಗತಿಗಳಿಗೆ ಸೀಮಿತ, ಅಧ್ಯಾತ್ಮ ಅದರಾಚೆಯದು ಅನ್ನುವುದು ಅವರ ನಿಲುವಾಗಿತ್ತು. ಆಗಲೇ ಎಚ್ಚೆನ್ ಕೇಳಿದ್ದು, ಉಂಗುರ ಬೇಡ, ಒಂದು ಕುಂಬಳಕಾಯಿ ಸೃಷ್ಟಿಸಿ ಕೊಡಲಿ ಅಂತ.

ಈ ಕುಂಬಳಕಾಯಿ ಮಾತು ಕೇಳಿ ಜನ ನಗುತ್ತಾರೆ. ಒಬ್ಬ ಜಾದೂಗಾರನಾಗಿ ಹೇಳುತ್ತೇನೆ, ನನ್ನಂಥವನನ್ನು ಹಿಡಿಯಲು ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ನನ್ನ ಗುಟ್ಟು ಏನು ಅಂತ ಕಂಡುಹಿಡಿಯಲು ಅವರು ಹೋಗಲೇ ಇಲ್ಲ. ತೋಳಲ್ಲಿದೆಯೋ, ಬೆರಳ ಸಂದಿಯಲ್ಲಿದೆಯೋ, ಅದು ಬೇಡ. ವಸ್ತು ಯಾವುದು ಅನ್ನುವುದನ್ನು ತಾವು ಆರಿಸಿದರು, ಅಷ್ಟೇ. ಗಾಳಿಯಿಂದ ನಿಜಕ್ಕೂ ವಸ್ತು ಬರುವುದಾದರೆ ಉಂಗುರಕ್ಕೂ ಕುಂಬಳಕಾಯಿಗೂ ಏನು ವ್ಯತ್ಯಾಸ? ಗಾಳಿಗೆ ವ್ಯತ್ಯಾಸವಿಲ್ಲ, ಅಂಗೈಗೆ ಇದೆ. ನಾನು ವೇದಿಕೆಯ ಮೇಲೆ ಏನೇ ಮಾಡಿದರೂ ಶರತ್ತು ನನ್ನದು. ಇಸ್ಪೀಟು ನನ್ನದು, ಹಗ್ಗ ನನ್ನದು, ನೀವು ಎಲ್ಲಿ ಕೂರಬೇಕು ಅನ್ನುವುದು ನನ್ನದು. ಶರತ್ತು ನಿಮ್ಮ ಕೈಗೆ ಬಂದ ಕೂಡಲೇ ನನ್ನ ಆಟ ಮುಗಿಯಿತು.

ಅಮೆರಿಕದಲ್ಲಿ 1973ರಲ್ಲಿ ಹೀಗೇ ಆಯಿತು. ಯೂರಿ ಗೆಲ್ಲರ್ ಮನಸ್ಸಿನ ಬಲದಿಂದ ಚಮಚ ಬಗ್ಗಿಸುತ್ತೇನೆ ಅಂತ ಜಗತ್ತಿನಲ್ಲೆಲ್ಲ ಹೆಸರು ಮಾಡಿದ್ದ. ಜಾನಿ ಕಾರ್ಸನ್ ಅವನನ್ನು ತನ್ನ ಟೀವಿ ಕಾರ್ಯಕ್ರಮಕ್ಕೆ ಕರೆದ. ಕಾರ್ಸನ್ ಹುಡುಗನಾಗಿದ್ದಾಗ ಜಾದೂ ಮಾಡುತ್ತಿದ್ದವನು. ಜೇಮ್ಸ್ ರಾಂಡಿ ಅನ್ನುವ ಜಾದೂಗಾರನ ಸಲಹೆ ಕೇಳಿದ. ರಾಂಡಿ ಹೇಳಿದ್ದು ಇಷ್ಟೇ, ಸಾಮಾನು ನೀವೇ ತನ್ನಿ, ಮೊದಲೇ ಅವನ ಕಡೆಯವರು ಮುಟ್ಟದ ಹಾಗೆ ನೋಡಿಕೊಳ್ಳಿ. ಸುಮಾರು 20 ನಿಮಿಷ ಗೆಲ್ಲರ್ ಕೂತ, ಏನೂ ಆಗಲಿಲ್ಲ. ಇವತ್ತು ಶಕ್ತಿ ಬರುತ್ತಿಲ್ಲ ಅಂದ. ಕತೆ ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅವನ ಹೆಸರು ಇನ್ನೂ ಬೆಳೆಯಿತು. ಜಾದೂ ಆಗಿದ್ದರೆ ಪ್ರತಿ ಸಲವೂ ಆಗುತ್ತಿತ್ತು, ಆಗಲಿಲ್ಲ ಅಂದರೆ ನಿಜವಾದ ಶಕ್ತಿಯೇ ಇರಬೇಕು ಅಂತ ಎಷ್ಟೋ ಜನ ಅಂದುಕೊಂಡರು. ಸೋಲು ಕೂಡ ಸಾಕ್ಷಿಯಾಗಿಬಿಟ್ಟಿತು. ನನಗೆ ಇದನ್ನು ನೆನೆದರೆ ಆ ಜಾತ್ರೆಯ ತಾಯಿ ನೆನಪಾಗುತ್ತಾಳೆ. ದೊಡ್ಡೋರು ಹಂಗೇ ಅನ್ನಾದು.

ಅವಳು ಓದಿದವಳಲ್ಲ ಅಂತ ನೀವು ಹೇಳಬಹುದು. ಹಾಗಾದರೆ ಆರ್ಥರ್ ಕೋನನ್ ಡಾಯ್ಲ್ ಕತೆ ಕೇಳಿ. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದವರು, ವೈದ್ಯರು. ಮೊದಲ ಮಹಾಯುದ್ಧ ಮುಗಿಯುವ ಆಸುಪಾಸಿನಲ್ಲಿ ಮಗನನ್ನು, ತಮ್ಮನನ್ನು ಕಳೆದುಕೊಂಡರು. ಸತ್ತವರ ಜೊತೆ ಮಾತಾಡಬಹುದು ಅನ್ನುವ ನಂಬಿಕೆಯನ್ನು ಊರೂರಿಗೆ ಹೋಗಿ ಪ್ರಚಾರ ಮಾಡಿದರು. ಅವರ ಗೆಳೆಯ ಹ್ಯಾರಿ ಹೌದಿನಿ, ಬೇಡಿ ಬಿಚ್ಚಿಕೊಂಡು ಹೊರಗೆ ಬರುವುದರಲ್ಲಿ ಜಗತ್ಪ್ರಸಿದ್ಧ. ಹೌದಿನಿಗೆ ಅಮ್ಮ ಅಂದರೆ ಪ್ರಾಣ, ಆಕೆ 1913ರಲ್ಲಿ ತೀರಿಕೊಂಡಿದ್ದರು. 1922ರಲ್ಲಿ ಡಾಯ್ಲ್ ಅವರ ಹೆಂಡತಿ, ನಿಮ್ಮ ತಾಯಿ ನನ್ನ ಕೈಯಿಂದ ಬರೆಸುತ್ತಾರೆ ಅಂತ ಹಾಳೆ ಮೇಲೆ ಹಾಳೆ ಬರೆದು ಕೊಟ್ಟರು. ಹೌದಿನಿ ನೋಡಿದ. ಮೇಲೆ ಶಿಲುಬೆಯ ಗುರುತು, ಕೆಳಗೆಲ್ಲ ಇಂಗ್ಲಿಷ್. ಅವನ ತಾಯಿ ಯಹೂದಿ, ಇಂಗ್ಲಿಷ್ ಬರುತ್ತಿರಲಿಲ್ಲ. ಆ ಹೆಂಗಸು ಮೋಸ ಮಾಡಿದರು ಅಂತ ನಾನು ಹೇಳಲಾರೆ, ಅವರೂ ನಂಬಿಯೇ ಬರೆದಿರಬಹುದು. ಆದರೆ ಹೌದಿನಿಗೆ ತುಂಬಾ ನೋವಾಯಿತು. ಅಮ್ಮನ ಒಂದು ಮಾತು ಸಿಗಲಿ ಅಂತ ನಿಜವಾಗಿ ಆಸೆಪಟ್ಟು ಕೂತಿದ್ದವನು ಅವನು. ಆಮೇಲೆ 1926ರಲ್ಲಿ ಸಾಯುವವರೆಗೂ ಸತ್ತವರ ಹೆಸರಲ್ಲಿ ದುಡ್ಡು ಮಾಡುವವರ ಬೆನ್ನು ಬಿಡಲಿಲ್ಲ. ಡಾಯ್ಲ್ ಕೊನೆಯವರೆಗೂ ಏನು ನಂಬಿದ್ದರು ಗೊತ್ತಾ? ಹೌದಿನಿಗೇ ದಿವ್ಯಶಕ್ತಿ ಇದೆ, ಅವನು ಒಪ್ಪಿಕೊಳ್ಳುತ್ತಿಲ್ಲ ಅಂತ. ದೊಡ್ಡೋರು ಹಂಗೇ ಅನ್ನಾದು.

ಈಗಿನ ಕಾಲಕ್ಕೆ ಬರೋಣ. ಟೀವಿ ಬಂದಾಗಲೇ ಜಾದೂ ಬದಲಾಯಿತು. 1956ರಲ್ಲಿ ಪಿ.ಸಿ. ಸರ್ಕಾರ್ ಬಿಬಿಸಿಯಲ್ಲಿ ಹುಡುಗಿಯೊಬ್ಬಳನ್ನು ಗರಗಸದಲ್ಲಿ ಕತ್ತರಿಸಿದರು. ಕತ್ತರಿಸಿಯಾಯಿತು, ಎಬ್ಬಿಸಲು ನೋಡುತ್ತಿದ್ದಾರೆ, ಹುಡುಗಿ ಏಳುತ್ತಿಲ್ಲ, ಅಷ್ಟರಲ್ಲಿ ನಿರೂಪಕರು ಬಂದು ಕಾರ್ಯಕ್ರಮ ಮುಗಿಯಿತು ಅಂದುಬಿಟ್ಟರು. ಹುಡುಗಿ ಸತ್ತಳು ಅಂತ ಹೆದರಿ ಬಿಬಿಸಿಗೆ ಫೋನಿನ ಮೇಲೆ ಫೋನು. ಮಾರನೇ ದಿನ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ, ಲಂಡನ್ನಿನಲ್ಲಿ ಅವರ ಪ್ರದರ್ಶನದ ಟಿಕೆಟ್‌ಗಳೆಲ್ಲ ಖಾಲಿ. ಸಮಯ ಮೀರಿದ್ದು ಆಕಸ್ಮಿಕ ಅಂತ ನಾನು ನಂಬುವುದಿಲ್ಲ, ಸರ್ಕಾರ್ ಅಂಥವರಿಗೆ ತಮ್ಮ ಐಟಂ ಎಷ್ಟು ನಿಮಿಷದ್ದು ಅಂತ ಚೆನ್ನಾಗಿ ಗೊತ್ತಿರುತ್ತದೆ. ಗರಗಸಕ್ಕಿಂತ ಗಡಿಯಾರವನ್ನು ಚೆನ್ನಾಗಿ ಬಳಸಿದರು.

ಇವತ್ತು ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ರೀಲ್ಸ್‌ನಲ್ಲಿ ಜಾದೂ ನೋಡಿದವರು ಕೆಳಗೆ ಬರೆಯುವುದು ಒಂದೇ ಮಾತು, ಎಲ್ಲಾ ಎಡಿಟಿಂಗ್. ಪಾಪ, ಒಬ್ಬ ಹುಡುಗ ಎರಡು ವರ್ಷ ಕನ್ನಡಿ ಮುಂದೆ ನಿಂತು ಒಂದು ಇಸ್ಪೀಟು ಎಲೆ ಮರೆಮಾಡುವುದನ್ನು ಕಲಿತಿರುತ್ತಾನೆ, ಅವನಿಗೂ ಅದೇ ಉತ್ತರ. ಹಾಗೆ ಬರೆದವರೇ ಐದು ನಿಮಿಷ ಬಿಟ್ಟು, ಯಾವುದೋ ಸೊಪ್ಪಿನ ರಸದಿಂದ ಕ್ಯಾನ್ಸರ್ ಹೋಯಿತು ಅನ್ನುವ ಮೆಸೇಜನ್ನು ಮನೆಯ ಗ್ರೂಪಿಗೆ ಕಳಿಸುತ್ತಾರೆ. ಎಲ್ಲವೂ ಸುಳ್ಳು ಅನ್ನುವುದಕ್ಕೆ ಅನುಮಾನ ಅಂತ ಹೆಸರಿಡಬೇಡಿ. ಅನುಮಾನಪಡುವವರು ಸ್ವಲ್ಪ ಎದ್ದು ಓಡಾಡಬೇಕಾಗುತ್ತದೆ, ಕೇಳಬೇಕಾಗುತ್ತದೆ, ಪಾಂಡವಪುರಕ್ಕೆ ಬಸ್ಸು ಹತ್ತಬೇಕಾಗುತ್ತದೆ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತಿದೆ. ಈಗ ಮಂತ್ರಕ್ಕಿಂತ ಮೈಂಡ್ ರೀಡಿಂಗ್ ಜೋರು. ದೇವರ ಹೆಸರಿಲ್ಲ, ದೆವ್ವದ ಹೆಸರಿಲ್ಲ. ನಿಮ್ಮ ಕಣ್ಣು ಎಡಕ್ಕೆ ಹೋದರೆ ನೆನಪು, ಬಲಕ್ಕೆ ಹೋದರೆ ಸುಳ್ಳು, ನಿಮ್ಮ ಉಸಿರಾಟ ನೋಡಿ ನಿಮ್ಮ ಮನಸ್ಸಿನಲ್ಲಿರುವ ಹೆಸರು ಹೇಳುತ್ತೇನೆ, ಇದು ಶುದ್ಧ ಮನೋವಿಜ್ಞಾನ ಅಂತ ಹೇಳುತ್ತಾರೆ. ಕಣ್ಣಿನ ಆ ಲೆಕ್ಕವನ್ನು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ, ಅದು ನಿಲ್ಲಲಿಲ್ಲ. ವೇದಿಕೆಯ ಮೇಲೆ ನಡೆಯುವುದು ಹಳೇ ಚೀಟಿ ಆಟವೇ, ಮೇಲೆ ವಿಜ್ಞಾನದ ಹೊದಿಕೆ. ವಿಚಾರವಂತರು ಮಂತ್ರದ ಹೆಸರು ಕೇಳಿದರೆ ಎಚ್ಚರವಾಗುತ್ತಾರೆ, ವಿಜ್ಞಾನದ ಹೆಸರು ಕೇಳಿದರೆ ಆರಾಮಾಗಿ ಒರಗಿ ಕೂರುತ್ತಾರೆ. ನಾನೂ ಕೆಲವು ವರ್ಷ ಶಾಲೆಗಳಲ್ಲಿ ಅದೇ ವಿವರಣೆ ಕೊಟ್ಟು ಆ ಆಟ ಮಾಡಿದೆ. ಪವಾಡ ಇಲ್ಲ ಅಂತ ಹೇಳಲು ಹೋಗಿ ಮಕ್ಕಳಿಗೆ ಇನ್ನೊಂದು ಸುಳ್ಳು ಕೊಟ್ಟೆ. ಅದು ತಪ್ಪು.

ಅದನ್ನು ನಿಲ್ಲಿಸಿದ್ದು ಒಬ್ಬಳು ಒಂಬತ್ತನೇ ಕ್ಲಾಸಿನ ಹುಡುಗಿ. ಸರ್ಕಾರಿ ಶಾಲೆ, ಮಧ್ಯಾಹ್ನದ ಊಟ ಆದ ಮೇಲೆ ಕಾರ್ಯಕ್ರಮ. ವಿಭೂತಿ ಬಿಚ್ಚಿ ತೋರಿಸಿದ್ದೆ, ಅರಿಶಿನ ಸುಣ್ಣ ತೋರಿಸಿದ್ದೆ, ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಅಂತ ಹೇಳಿದ್ದೆ. ಕೊನೆಗೆ ಚೀಟಿ ಆಟ. ಒಬ್ಬ ಹುಡುಗ ನಾನು ಕೊಟ್ಟ ಚೀಟಿಯಲ್ಲಿ ಹೆಸರು ಬರೆದು ಮಡಚಿ ಕೊಟ್ಟ, ಅವನ ಕಣ್ಣು ನೋಡಿದೆ, ಹೆಸರು ಹೇಳಿದೆ. ಕಣ್ಣಿನ ಚಲನೆ ಓದುವುದು ಹೇಗೆ ಅಂತ ವಿವರಿಸಿದೆ. ಮೇಷ್ಟ್ರುಗಳೆಲ್ಲ ತಲೆದೂಗಿದರು. ಈ ಹುಡುಗಿ ಹಿಂದಿನಿಂದ ಎದ್ದು ನಿಂತಳು.

"ಸರ್, ವಿಭೂತಿ ಮಾಡೋರು ದೇವರು ಅಂತಾರೆ. ನೀವು ಕಣ್ಣು ಅಂತೀರಿ. ಅದೂ ಸುಳ್ಳಿರಬಹುದಲ್ವಾ ಸರ್?"

ಹೆಡ್ ಮಾಸ್ಟರ್ ಕೂತ್ಕೋ ಅಂತ ಸನ್ನೆ ಮಾಡಿದರು. ಅವಳು ಕೂರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಹಾಳೆ ಹರಿದಳು, ಡೆಸ್ಕಿನ ಕೆಳಗೆ ಕೈಯಿಟ್ಟು ತನ್ನ ಪೆನ್ನಿನಲ್ಲಿ ಏನೋ ಬರೆದಳು, ಮಡಚಿ ತನ್ನ ಮುಷ್ಟಿಯಲ್ಲೇ ಬಿಗಿಯಾಗಿ ಹಿಡಿದುಕೊಂಡಳು. ವೇದಿಕೆಯ ಹತ್ತಿರ ಬಂದು ನನ್ನ ಕಣ್ಣಿಗೆ ಕಣ್ಣಿಟ್ಟು ನಿಂತಳು.

"ಚೀಟಿ ಕೊಡಲ್ಲ ಸರ್. ಕಣ್ಣು ನೋಡಿ ಹೇಳಿ."

ನನಗೆ ಆಗೋದಿಲ್ಲ ಅಂತ ಹೇಳಿದೆ.